ಆಯಿಲ್ ತಿನ್ನುವ ಹಳೆ ಎಂಜಿನ್‌ಗೆ 5ಡಬ್ಲ್ಯು-40: ನನ್ನ ಅನುಭವ

ನನ್ನ ಕಾರಿನದು 1.4 ಲೀಟರ್ ಪೆಟ್ರೋಲ್ ಎಂಜಿನ್, ಓಡಿದ್ದು ಸುಮಾರು 1.6 ಲಕ್ಷ ಕಿ.ಮೀ., ಹೈಡ್ರಾಲಿಕ್ ಟ್ಯಾಪೆಟ್ (ಆಯಿಲ್ ಒತ್ತಡದಿಂದ ವಾಲ್ವ್ ಸಂದು ಸರಿಮಾಡಿಕೊಳ್ಳುವಂಥದ್ದು), ಆಯಿಲ್ ಹಿಡಿಯುವುದು 4 ಲೀಟರ್. ಸಾವಿರ ಕಿ.ಮೀ.ಗೆ ಹೆಚ್ಚುಕಮ್ಮಿ 850 ಮಿ.ಲೀ. ಆಯಿಲ್ ತಿನ್ನುತ್ತಿತ್ತು, ಅಂದರೆ ಸುಟ್ಟುಹಾಕುತ್ತಿತ್ತು. ನೋಡಿದವರೆಲ್ಲ ಹೇಳಿದ್ದು ಎರಡೇ ಮಾತು: ದಪ್ಪನೆಯ 20ಡಬ್ಲ್ಯು-50 ಆಯಿಲ್ ಹಾಕು, ಇಲ್ಲವೇ ಎಂಜಿನ್ ಇಳಿಸಿ ರಿಂಗ್ ಬದಲಿಸು. ಮ್ಯಾನ್ಯುವಲ್‌ನಲ್ಲಿದ್ದ 5ಡಬ್ಲ್ಯು-40ಕ್ಕೇ ವಾಪಸ್ ಹೋಗುತ್ತೇನೆ ಎಂದರೆ ಯಾರೂ ಒಪ್ಪಲಿಲ್ಲ (ಡಬ್ಲ್ಯು ಹಿಂದಿನ ಅಂಕೆ ಆಯಿಲ್ ತಣ್ಣಗಿದ್ದಾಗಿನ ದಪ್ಪ, ಮುಂದಿನದು ಬಿಸಿಯಾದಾಗಿನ ದಪ್ಪ). ಈಗ ಸಾವಿರಕ್ಕೆ 250ರ ಆಸುಪಾಸಿಗೆ ಬಂದಿದೆ. ಎಂಜಿನ್ ಬಿಚ್ಚಿಲ್ಲ.

20ಡಬ್ಲ್ಯು-50 ಮಿನರಲ್ ಆಯಿಲ್ ಹಾಕಿಯೂ ನೋಡಿದ್ದೆ. ಮೊದಲ ಎರಡು ಸಾವಿರ ಕಿ.ಮೀ. 700ಕ್ಕೆ ಇಳಿಯಿತು, ಆಮೇಲೆ 900 ದಾಟಿತು. ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಆರೇಳು ಸೆಕೆಂಡ್ ಟ್ಯಾಪೆಟ್ ಶಬ್ದ. ತೊಂದರೆ ಇದ್ದದ್ದು ಆಯಿಲ್ ರಿಂಗ್‌ನಲ್ಲಿ, ಅಂದರೆ ಸಿಲಿಂಡರ್ ಗೋಡೆಯ ಆಯಿಲ್ ಕೆರೆಯುವ ಪಿಸ್ಟನ್ ಬಳೆಯಲ್ಲಿ. ಅದು ಕೆರೆದ ಆಯಿಲ್ ಪಿಸ್ಟನ್ನಿನ ತೂತುಗಳಿಂದ ಕೆಳಗಿಳಿಯಬೇಕು. ಅಲ್ಲಿ ಕರಿ ಕಟ್ಟಿದರೆ ದಪ್ಪ ಆಯಿಲ್ ಇನ್ನೂ ನಿಧಾನವಾಗಿ ಇಳಿಯುತ್ತದೆ, ಉಳಿದದ್ದು ಸುಟ್ಟು ಮತ್ತೆ ಕರಿಯಾಗುತ್ತದೆ.

ಆಯಿಲ್ ಮುಟ್ಟುವ ಮೊದಲು ಪಿಸಿವಿ ವಾಲ್ವ್ (ಎಂಜಿನ್ ಒಳಗಿನ ಆವಿಯನ್ನು ಹದವಾಗಿ ಹೊರಬಿಡುವ ವಾಲ್ವ್) ಬದಲಿಸಿ. ಅಂಟಿಕೊಂಡ ವಾಲ್ವ್ ಆಯಿಲ್ ಆವಿಯನ್ನು ನೇರ ಇನ್‌ಟೇಕ್‌ಗೆ, ಅಂದರೆ ಗಾಳಿ ಒಳಹೋಗುವ ದಾರಿಗೆ ಎಳೆಯುತ್ತದೆ. ಇಷ್ಟರಲ್ಲೇ 850 ಇದ್ದದ್ದು 700ರ ಹತ್ತಿರ ಬಂತು. ಖರ್ಚು ಒಂದು ಫಿಲ್ಟರ್‌ನಷ್ಟೇ.

ನಂತರ ಅಳತೆ. ಸಮತಟ್ಟಾದ ಒಂದೇ ಜಾಗ, ಎಂಜಿನ್ ಬಿಸಿಯಾದ ಮೇಲೆ ಆಫ್ ಮಾಡಿ ಹತ್ತು ನಿಮಿಷ, ಆಮೇಲೆ ಡಿಪ್‌ಸ್ಟಿಕ್. ಪ್ರತಿ 500 ಕಿ.ಮೀ.ಗೆ ಅಳತೆ ಲೋಟದಲ್ಲಿ ಟಾಪ್‌ಅಪ್. ಇಲ್ಲಿ ಒಮ್ಮೆ ಪೂರ್ತಿ ಮೋಸಹೋದೆ. ಎರಡು ವಾರ ಎರಡು-ಮೂರು ಕಿ.ಮೀ.ಗಳ ಓಡಾಟವಷ್ಟೇ ಇತ್ತು, ಲೆವೆಲ್ ಇಳಿಯಲೇ ಇಲ್ಲ, ಗೆದ್ದೆ ಅಂದುಕೊಂಡೆ. ಒಂದು ದೂರದ ಓಟ ಮುಗಿದಾಗ ಅರ್ಧ ಲೀಟರ್ ಕಮ್ಮಿ. ಆಯಿಲ್‌ಗೆ ಸೇರಿದ್ದ ಪೆಟ್ರೋಲ್ ಬಿಸಿಗೆ ಆರಿಹೋಗಿತ್ತು. ಚಿಕ್ಕ ಓಟದ ಲೆಕ್ಕವನ್ನು ಎಂದೂ ನಂಬಬೇಡಿ.

ಮೊದಲ 5ಡಬ್ಲ್ಯು-40 ಸೋತಿತು, ಬಳಕೆ 700ರಲ್ಲೇ ನಿಂತಿತು. ಡಬ್ಬಿಯ ಮೇಲೆ ಎಸಿಇಎ ಎ3/ಬಿ4 ಇತ್ತು, ಎಪಿಐ ಎಸ್‌ಎನ್ ಇತ್ತು (ಎರಡೂ ಆಯಿಲ್ ಗುಣಮಟ್ಟದ ವರ್ಗಗಳು), ತಪ್ಪೇನೂ ಕಾಣಲಿಲ್ಲ. ಆಮೇಲೆ ಡೇಟಾ ಶೀಟ್ ತೆಗೆದು ನೋಡಿದೆ: ನೋವಾಕ್ ಆವಿಯಾಗುವಿಕೆ 12ರ ಮೇಲೆ. 250 ಡಿಗ್ರಿಯಲ್ಲಿ ಒಂದು ಗಂಟೆ ಕಾಯಿಸಿದರೆ ತೂಕದಲ್ಲಿ ಶೇಕಡಾ ಎಷ್ಟು ಹೋಗುತ್ತದೆ ಎಂಬ ಲೆಕ್ಕ ಅದು. ಎ3/ಬಿ4ಗೆ ಮಿತಿ 13, ಅಂದರೆ ಪಾಸಾದ ಆಯಿಲ್‌ಗಳಲ್ಲೇ ಬಹಳ ವ್ಯತ್ಯಾಸ ಇರುತ್ತದೆ. 9ರ ಆಸುಪಾಸಿನದು ಹುಡುಕಿದೆ, ಎಚ್‌ಟಿಎಚ್‌ಎಸ್ (ಹೆಚ್ಚು ಬಿಸಿ, ಹೆಚ್ಚು ಉಜ್ಜಾಟದಲ್ಲೂ ಉಳಿಯುವ ಆಯಿಲ್ ದಪ್ಪ) 3.5ಕ್ಕಿಂತ ಮೇಲೆ ಇರುವುದನ್ನೂ ನೋಡಿಕೊಂಡೆ. ಸವೆದ ಬೇರಿಂಗ್‌ಗೆ ಅದು ಬೇಕೇ ಬೇಕು. ಗ್ರೇಡ್ ಒಂದೇ ನೋಡಿ ಕೊಳ್ಳುವವರು ಈ ಸಂಖ್ಯೆಗಳನ್ನು ಓದುವುದೇ ಇಲ್ಲ.

8,000ಕ್ಕೆ ಬದಲಿಸುತ್ತಿದ್ದದ್ದನ್ನು 4,000ಕ್ಕೆ ಇಳಿಸಿದೆ, ಪ್ರತಿ ಸಲ ಹೊಸ ಫಿಲ್ಟರ್. ಮೊದಲ ಡ್ರೈನ್‌ನಲ್ಲಿ ಟಾರಿನಂಥ ಆಯಿಲ್ ಬಂತು, ಮೂರನೆಯದರಲ್ಲಿ ಜೇನಿನ ಬಣ್ಣಕ್ಕೆ ಹತ್ತಿರ. ಬಳಕೆ 600, 400, ಕೊನೆಗೆ 250. ಎರಡನೇ ಡ್ರೈನ್‌ಗೆ ಮೊದಲು ಸ್ಪಾರ್ಕ್ ಪ್ಲಗ್ ತೂತಿನಿಂದ ಪಿಸ್ಟನ್ ಮೇಲೆ ಒಂದು ದ್ರಾವಣ ಬಿಟ್ಟು ರಾತ್ರಿಯಿಡೀ ನೆನೆಸಿದ್ದೆ. ಅದು ಯಾವುದು, ಎಷ್ಟು ಎಂಬುದು ನನ್ನಲ್ಲೇ ಇರಲಿ. ಏನೇ ಬಿಟ್ಟರೂ ಪ್ಲಗ್ ಹಾಕುವ ಮೊದಲು ಎಂಜಿನ್ ತಿರುಗಿಸಿ ಹೊರಹಾಕಿ, ಇಲ್ಲದಿದ್ದರೆ ಕನೆಕ್ಟಿಂಗ್ ರಾಡ್ ಬಾಗಬಹುದು.

ಎಂಜಿನ್ ಒಳಗೆ ತೊಳೆಯುವ ಫ್ಲಶ್ ಆಯಿಲ್ ಮಾತ್ರ ಬೇಡ. ಆತುರಕ್ಕೆ ಹಾಕಿದೆ, ಒಂದೇ ಸಲಕ್ಕೆ ಎದ್ದ ಕೊಳೆ ಪಂಪ್‌ನ ಜಾಲರಿಗೆ ಕಟ್ಟಿತು. ಐಡ್ಲಿಂಗ್‌ನಲ್ಲಿ ಆಯಿಲ್ ಲೈಟ್ ಮಿನುಗಿದ್ದೇ ಆಫ್ ಮಾಡಿ ಎಂಜಿನ್ ತಳದ ಆಯಿಲ್ ಚೇಂಬರ್ ಇಳಿಸಿದೆ. ಈ ಇಡೀ ಕೆಲಸದಲ್ಲಿ ದಂಡವಾದ ದುಡ್ಡು ಅದೊಂದೇ.

ಆಯಿಲ್ ಖರ್ಚು ಇಳಿದಿಲ್ಲ, ನಿಜ ಹೇಳಬೇಕು. ಹಿಂದೆ 8,000 ಕಿ.ಮೀ.ಗೆ ಅಗ್ಗದ್ದು 11 ಲೀಟರ್ ಹೋಗುತ್ತಿತ್ತು, ಈಗ ಅದರ ಎರಡರಷ್ಟು ಬೆಲೆಯದು 10 ಲೀಟರ್. ಆದರೆ ರಿಂಗ್ ಕೆಲಸಕ್ಕೆ ಹೇಳಿದ್ದ ಹಣದಲ್ಲಿ ಇದನ್ನು ಹದಿನೈದು ಸಲ ಬದಲಿಸಬಹುದು.

ಮಧ್ಯೆ ಬೈಕ್‌ನಲ್ಲೂ ಒಂದು ಪ್ರಯೋಗ ಆಯಿತು; ಅದರಲ್ಲಿ ಕ್ಲಚ್ ಕೂಡ ಎಂಜಿನ್ ಆಯಿಲ್‌ನಲ್ಲೇ ಮುಳುಗಿರುತ್ತದೆ. ಬೇರೆ ಕಾರಿನಿಂದ ಉಳಿದಿದ್ದ, ಇಂಧನ ಉಳಿತಾಯದ 5ಡಬ್ಲ್ಯು-30 ಸುರಿದೆ. ಮುನ್ನೂರು ಕಿ.ಮೀ. ಒಳಗೆ ಮೇಲಿನ ಗೇರ್‌ಗಳಲ್ಲಿ ಕ್ಲಚ್ ಜಾರತೊಡಗಿತು. ಇಂಥ ಕ್ಲಚ್‌ಗೆ ಹೊಂದುವ ಜಾಸೋ ಎಂಎ2 ಆಯಿಲ್ ಹಾಕಿ, ಬೇಗನೆ ಇನ್ನೊಮ್ಮೆ ಬದಲಿಸಿದ ಮೇಲೆ ಸರಿಹೋಯಿತು, ಪ್ಲೇಟ್ ಉಳಿದವು. ಪಾರ್ಟಿಕ್ಯುಲೇಟ್ ಫಿಲ್ಟರ್ (ಹೊಗೆಯ ಮಸಿ ಹಿಡಿಯುವಂಥದ್ದು) ಇರುವ ಡೀಸೆಲ್‌ಗೂ ಎ3/ಬಿ4 ಹಾಕಬೇಡಿ, ಬೂದಿ ಫಿಲ್ಟರ್‌ನಲ್ಲಿ ತುಂಬಿಕೊಳ್ಳುತ್ತದೆ. ಅಲ್ಲಿಗೆ ಎಸಿಇಎ ಸಿ3ಯಂಥ, ಸಲ್ಫೇಟೆಡ್ ಬೂದಿ (ಆಯಿಲ್ ಸುಟ್ಟಮೇಲೆ ಉಳಿಯುವ ಬೂದಿ) ಶೇಕಡಾ 0.8 ಮೀರದ ಆಯಿಲ್ ಬೇಕು.

ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಒಂದು ಉಸಿರು ನೀಲಿ ಹೊಗೆ ಈಗಲೂ ಬರುತ್ತದೆ, ಆಮೇಲೆ ಇಲ್ಲ. ಅದು ವಾಲ್ವ್ ಸೀಲ್. ರಬ್ಬರ್ ಗಟ್ಟಿಯಾಗಿರುವುದರಿಂದ ಯಾವ ಗ್ರೇಡ್ ಹಾಕಿದರೂ ನಿಲ್ಲುವುದಿಲ್ಲ. ಉಳಿದ 250ರಲ್ಲಿ ಬಹುಪಾಲು ಅಲ್ಲಿಂದಲೇ ಹೋಗುತ್ತಿದೆ ಎಂದು ನನ್ನ ಅಂದಾಜು. ಹೆಡ್ ಇಳಿಸದೆ, ಸಿಲಿಂಡರ್‌ಗೆ ಗಾಳಿ ಒತ್ತಡ ಕೊಟ್ಟು ಸೀಲ್ ಬದಲಿಸುವುದೇ ಮುಂದಿನ ಕೆಲಸ.