ರೋಲು ಬಿಟ್ಟು ಕಾರ್ಡು ಹಿಡಿಯುವ ಮುನ್ನ

ತಾಲ್ಲೂಕು ಕೇಂದ್ರಗಳ ಹಳೆಯ ಸ್ಟುಡಿಯೊಗಳ ಗಾಜಿನ ಬೀರುವಿನಲ್ಲಿ ಒಂದೆರಡು ಫಿಲಂ ಕ್ಯಾಮೆರಾ, ನಾಲ್ಕಾರು ಲೆನ್ಸು, ರಬ್ಬರ್ ಬ್ಯಾಂಡ್ ಹಾಕಿದ ನೆಗೆಟಿವ್ ಕಟ್ಟುಗಳು ಈಗಲೂ ಇರುತ್ತವೆ. ಅವುಗಳ ಮಾಲೀಕರಲ್ಲಿ ಕೆಲವರು, ಹತ್ತಿರದ ಕಲರ್ ಲ್ಯಾಬು ಬಾಗಿಲು ಹಾಕಿದಾಗ ಕೆಲಸ ನಿಲ್ಲಿಸಿ, ಈಗ ಮಕ್ಕಳ ಒತ್ತಾಯಕ್ಕೆ ಮತ್ತೆ ಕ್ಯಾಮೆರಾ ಎತ್ತಿಕೊಳ್ಳಲು ಹೊರಟವರು. ಇನ್ನೊಂದು ಕಡೆ, ಹವ್ಯಾಸಕ್ಕೆಂದು ಫಿಲಂನಲ್ಲೇ ಕೈ ಪಳಗಿಸಿಕೊಂಡು ಈಗ ಮದುವೆ, ನಾಮಕರಣಗಳ ಆರ್ಡರ್ ಹಿಡಿಯುತ್ತಿರುವ ಹುಡುಗ ಹುಡುಗಿಯರಿದ್ದಾರೆ. ಇಬ್ಬರೂ ಮೊದಲು ಕೇಳುವುದು ಯಾವ ಕ್ಯಾಮೆರಾ ಕೊಳ್ಳಬೇಕು ಎಂದು. ನನ್ನ ಅನುಭವದಲ್ಲಿ ಅದು ಮೂರನೆಯ ಪ್ರಶ್ನೆ. ಫಿಲಂ ಕಾಲದಲ್ಲಿ ರೋಲಿಗೆ ಇಷ್ಟೆಂದು ಖರ್ಚು ಗಿರಾಕಿಯ ಹಣದೊಂದಿಗೇ ಸಾಗುತ್ತಿತ್ತು, ಬಣ್ಣ ತಿದ್ದುವುದು ಲ್ಯಾಬಿನವರ ಪಾಲಿನ ಕೆಲಸವಾಗಿತ್ತು. ಡಿಜಿಟಲ್‌ನಲ್ಲಿ ಖರ್ಚು ಒಂದು ರೂಪಾಯಿ ಸಂಪಾದಿಸುವ ಮೊದಲೇ ಆಗಿರುತ್ತದೆ, ಲ್ಯಾಬಿನವರು ಮಾಡುತ್ತಿದ್ದ ಕೆಲಸ ನಮ್ಮ ಮೇಜಿನ ಮೇಲೆ ಬಂದು ಕೂರುತ್ತದೆ. ಈ ಎರಡನ್ನೂ ಲೆಕ್ಕಕ್ಕೆ ತೆಗೆದುಕೊಳ್ಳದೆ ಕೊಂಡ ಕ್ಯಾಮೆರಾ ಎಷ್ಟು ಒಳ್ಳೆಯದಾದರೂ ಸಾಲದ ಕಂತಾಗಿಯೇ ಉಳಿಯುತ್ತದೆ.

ಮೊದಲು ಬೀರು ತೆರೆಯಿರಿ

ಇರುವ ಲೆನ್ಸುಗಳನ್ನು ಒಂದೊಂದಾಗಿ ಹೊರತೆಗೆದು, ಬೆಳಕು ಬಿಡುವ ಕಿಂಡಿಯನ್ನು, ಅಂದರೆ ಅಪರ್ಚರನ್ನು, ಪೂರ್ತಿ ತೆರೆದು, ಹಿಂದಿನಿಂದ ಸಣ್ಣ ಟಾರ್ಚು ಬಿಟ್ಟು ಓರೆಯಾಗಿ ನೋಡಬೇಕು. ಗಾಜಿನ ಒಳಮೈಯಲ್ಲಿ ಜೇಡರ ಬಲೆಯಂಥ ಎಳೆಗಳು ಕಂಡರೆ ಅದು ಬೂಷ್ಟು. ಮಲೆನಾಡು, ಕರಾವಳಿಯ ಮಳೆಗಾಲಗಳನ್ನು ಕಂಡ ಲೆನ್ಸಿನಲ್ಲಿ ಅದು ಇಲ್ಲದಿದ್ದರೇ ಆಶ್ಚರ್ಯ. ಅಂಚಿನಲ್ಲಿ ಒಂದಿಷ್ಟು ಇದ್ದರೆ ಚಿತ್ರಕ್ಕೆ ಬಾಧೆಯಿಲ್ಲ. ಎದುರಿನ ದೀಪದ ಬೆಳಕು ಬಿದ್ದೊಡನೆ ಚಿತ್ರವೆಲ್ಲ ಮಂಜು ಕವಿದಂತಾಗುವಷ್ಟು ಹರಡಿದ್ದರೆ ಆ ಲೆನ್ಸನ್ನು ಲೆಕ್ಕದಿಂದ ಕೈಬಿಡಿ, ಹೊಸ ಲೆನ್ಸಿನ ಜೊತೆ ಒಂದೇ ಚೀಲದಲ್ಲಿ ಇಡಲೂ ಹೋಗಬೇಡಿ.

ಎರಡನೆಯದಾಗಿ, ಲೆನ್ಸಿನ ಹಿಂಬದಿಯ ಲೋಹದ ಬಳೆ, ಅಂದರೆ ಮೌಂಟ್, ಯಾವುದೆಂದು ಗುರುತಿಸಬೇಕು. ನಿಕಾನ್ ಕಂಪನಿ 1959ರಲ್ಲಿ ತಂದ ಎಫ್ ಮೌಂಟನ್ನೇ ಒಳಗೆ ಕನ್ನಡಿಯಿರುವ ತನ್ನ ಡಿಜಿಟಲ್ ಎಸ್‌ಎಲ್‌ಆರ್‌ ಕ್ಯಾಮೆರಾಗಳಲ್ಲಿಯೂ ಮುಂದುವರಿಸಿತು. ಕ್ಯಾನನ್ 1987ರಲ್ಲಿ ಹಳೆಯ ಎಫ್‌ಡಿ ಮೌಂಟನ್ನು ಕೈಬಿಟ್ಟು ಇಎಫ್‌ಗೆ ಹೋಯಿತು. ಮಿನೋಲ್ಟಾದ 1985ರ ಆಟೊಫೋಕಸ್ ಮೌಂಟ್, 2006ರಲ್ಲಿ ಆ ಕ್ಯಾಮೆರಾ ವ್ಯವಹಾರದೊಂದಿಗೆ ಸೋನಿಯ ಪಾಲಾಯಿತು. ಇವುಗಳಲ್ಲಿ ಯಾವುದು ಯಾವುದಕ್ಕೆ ಹೊಂದುತ್ತದೆ ಎಂಬುದನ್ನು ತೀರ್ಮಾನಿಸುವುದು ಒಂದು ಸಣ್ಣ ಅಳತೆ: ಮೌಂಟಿನಿಂದ ಫಿಲಂ ಅಥವಾ (ಡಿಜಿಟಲ್‌ನಲ್ಲಿ ಫಿಲಂ ಬದಲು ಬೆಳಕು ಹಿಡಿಯುವ) ಸೆನ್ಸರ್‌ವರೆಗಿನ ದೂರ. ನಿಕಾನ್ ಎಫ್‌ನಲ್ಲಿ ಅದು 46.5 ಮಿಲಿಮೀಟರ್, ಕ್ಯಾನನ್ ಎಫ್‌ಡಿಯಲ್ಲಿ 42, ಇಎಫ್‌ನಲ್ಲಿ 44. ಎಫ್‌ಡಿ ಲೆನ್ಸನ್ನು ಇಎಫ್ ಮೌಂಟಿನ ಕ್ಯಾಮೆರಾಕ್ಕೆ ಹಾಕಿದರೆ ಅದು ಇರಬೇಕಾದ ಜಾಗಕ್ಕಿಂತ ಮುಂದೆ ನಿಲ್ಲುವುದರಿಂದ, ನಡುವೆ ಗಾಜಿಲ್ಲದ ಅಡಾಪ್ಟರಿನಲ್ಲಿ (ಎರಡನ್ನೂ ಜೋಡಿಸುವ ಬಳೆ) ದೂರದ ವಸ್ತುಗಳು ಎಂದಿಗೂ ಫೋಕಸ್ ಆಗುವುದಿಲ್ಲ. ಕನ್ನಡಿಯಿಲ್ಲದ ಇಂದಿನ ಮಿರರ್‌ಲೆಸ್ ಬಾಡಿಗಳಲ್ಲಿ ಈ ದೂರ ಸೋನಿಗೆ 18, ನಿಕಾನ್ ಝಡ್‌ಗೆ 16, ಕ್ಯಾನನ್ ಆರ್‌ಎಫ್‌ಗೆ 20 ಮಿಲಿಮೀಟರ್ ಮಾತ್ರ ಇರುವುದರಿಂದ, ಉಳಿದ ಅಂತರವನ್ನು ತುಂಬುವ ಒಂದು ಖಾಲಿ ಬಳೆ ಸಾಕು. ಹೆಚ್ಚುಕಡಿಮೆ ಎಲ್ಲ ಹಳೆಯ ಲೆನ್ಸೂ ಕೂರುತ್ತದೆ.

ಕೂರುವುದು ಬೇರೆ, ದುಡಿಯುವುದು ಬೇರೆ. ಬಾಡಿಯೊಳಗಿನ ಮೋಟಾರಿನಿಂದ ಫೋಕಸ್ ಆಗುವ ನಿಕಾನ್‌ನ ಹಳೆಯ ಎಎಫ್-ಡಿ ಲೆನ್ಸುಗಳು ಡಿ3000, ಡಿ5000 ಸಾಲಿನ ಬಾಡಿಗಳಲ್ಲಿ ಕೈಯಿಂದಷ್ಟೇ ಫೋಕಸ್ ಆಗುತ್ತವೆ, ಝಡ್ ಬಾಡಿಗಳ ಎಫ್‌ಟಿಝಡ್ ಅಡಾಪ್ಟರಿನಲ್ಲಿಯೂ ಹಾಗೆಯೇ. 1977ಕ್ಕಿಂತ ಹಿಂದಿನ, ಹೊಸ ಬಾಡಿಗಳಿಗೆ ಹೊಂದುವಂತೆ ತಿದ್ದಿಸದ ನಿಕಾನ್ ಲೆನ್ಸುಗಳು ಕೆಲವು ಬಾಡಿಗಳ ಮೌಂಟಿನ ಸುತ್ತಲಿನ ಸಣ್ಣ ಕಡ್ಡಿಯನ್ನು ಮುರಿಯಬಲ್ಲವು, ಬಲವಂತವಾಗಿ ತಿರುಗಿಸಬಾರದು. ನನ್ನ ಸಲಹೆ ಇಷ್ಟು: ಹಳೆಯ 50 ಮತ್ತು 105 ಮಿಲಿಮೀಟರಿನ ಲೆನ್ಸುಗಳನ್ನು ಸ್ಟುಡಿಯೊದೊಳಗಿನ ಭಾವಚಿತ್ರಗಳಿಗೆ ಇಟ್ಟುಕೊಳ್ಳಿ, ಮದುವೆಗೆ ಒಂದಾದರೂ ಹೊಸ ಆಟೊಫೋಕಸ್ ಜೂಮ್ ಕೊಳ್ಳಿ. ಅಕ್ಷತೆ ಗಾಳಿಯಲ್ಲಿರುವ ಒಂದು ಗಳಿಗೆಯಲ್ಲಿ ಫೋಕಸ್ ಬಳೆ ತಿರುಗಿಸುತ್ತ ಕೂರುವುದು ಸಂಪಾದನೆಯ ದಾರಿಯಲ್ಲ.

ಹಳೆಯ ಫ್ಲಾಶಿನ ಬಗ್ಗೆ ಒಂದು ಎಚ್ಚರಿಕೆ. ಕೆಲವು ಹಳೆಯ ಫ್ಲಾಶುಗಳ ಬುಡದಲ್ಲಿ 200 ವೋಲ್ಟಿಗೂ ಹೆಚ್ಚು ಇರುತ್ತದೆ. ಫಿಲಂ ಕ್ಯಾಮೆರಾದ ಲೋಹದ ಸಂಪರ್ಕ ಅದನ್ನು ತಡೆದುಕೊಳ್ಳುತ್ತಿತ್ತು. ಡಿಜಿಟಲ್ ಬಾಡಿಯ ಎಲೆಕ್ಟ್ರಾನಿಕ್ಸ್ ತಡೆದುಕೊಳ್ಳದೆ ಇರಬಹುದು. ಫ್ಲಾಶ್ ಚಾಲೂ ಮಾಡಿ, ಸಿದ್ಧವೆಂದು ತೋರಿಸುವ ದೀಪ ಹತ್ತಿದ ಮೇಲೆ, ಮಲ್ಟಿಮೀಟರಿನ ಒಂದು ತುದಿಯನ್ನು ಬುಡದ ನಡುವಿನ ಚುಕ್ಕೆಗೂ ಇನ್ನೊಂದನ್ನು ಪಕ್ಕದ ಲೋಹಕ್ಕೂ ಮುಟ್ಟಿಸಿದರೆ ಅಂಕಿ ಗೊತ್ತಾಗುತ್ತದೆ. ಬಾಡಿಯ ಕೈಪಿಡಿಯಲ್ಲಿರುವ ಮಿತಿಗಿಂತ ಅದು ಹೆಚ್ಚಿದ್ದರೆ ಆ ಫ್ಲಾಶನ್ನು ಕ್ಯಾಮೆರಾದ ತಲೆಯ ಮೇಲೆ ಕೂರಿಸಲೇಬಾರದು.

ಎರಡನೆಯ ಹೆಜ್ಜೆ ಲೆಕ್ಕದ ಪುಸ್ತಕ

ಒಂದು ಮದುವೆಗೆ ಹತ್ತು ರೋಲು ಎಂದರೆ 360 ಚಿತ್ರ. ಅದರಾಚೆಗೆ ಕೈ ತಾನಾಗಿಯೇ ಬಿಗಿಯಾಗುತ್ತಿತ್ತು. ಡಿಜಿಟಲ್‌ನಲ್ಲಿ ಅದೇ ಮದುವೆಗೆ 2000 ಸಲ ಒತ್ತುವುದು ಸಹಜವಾಗಿಬಿಡುತ್ತದೆ. ಶಟರಿನ ಬಾಳಿಕೆ 1,50,000 ಸಲ ಎಂದು ತಯಾರಕರು ಹೇಳಿರುವ ಬಾಡಿಯೊಂದನ್ನು ಕೊಂಡರೆ, ಅದು 75 ಮದುವೆಗಳ ಸರಕು ಎಂದಾಯಿತು. ಬಾಡಿಯ ಬೆಲೆಯನ್ನು 75ರಿಂದ ಭಾಗಿಸಿ. ಬಂದ ಮೊತ್ತವೇ ಪ್ರತಿ ಮದುವೆಯ ‘ರೋಲಿನ ಖರ್ಚು’. ಅದಕ್ಕೆ ಹಾರ್ಡ್ ಡಿಸ್ಕು, ಬ್ಯಾಟರಿ, ತಂತ್ರಾಂಶದ ಚಂದಾ, ಮತ್ತು ಎರಡು ಸಾವಿರದಲ್ಲಿ ಮುನ್ನೂರು ಆರಿಸಿ ತಿದ್ದಲು ತಗಲುವ ದಿನಗಳ ಕೂಲಿ ಸೇರಿಸಬೇಕು. ಈ ಕೊನೆಯದನ್ನು ಹೆಚ್ಚಿನವರು ಬರೆದುಕೊಳ್ಳುವುದೇ ಇಲ್ಲ, ತಮ್ಮ ರಾತ್ರಿಗಳಿಗೆ ಬೆಲೆಯೇ ಇಲ್ಲವೆಂಬಂತೆ.

ಇನ್ನೊಂದು ನಷ್ಟ ಕಣ್ಣಿಗೆ ಬೀಳದು. ನೆಗೆಟಿವ್ ಸ್ಟುಡಿಯೊದಲ್ಲಿ ಉಳಿಯುತ್ತಿದ್ದಾಗ, ಅಜ್ಜಿಯ ಭಾವಚಿತ್ರ ದೊಡ್ಡದು ಬೇಕು, ಬೀಗರ ಮನೆಗೆ ಇನ್ನೊಂದು ಪ್ರತಿ ಬೇಕು ಎಂದು ವರ್ಷಗಟ್ಟಲೆ ಜನ ಬರುತ್ತಿದ್ದರು. ಈಗ ಮೊದಲ ಮಾತಿಗೇ ‘ಎಲ್ಲಾ ಪೆನ್ ಡ್ರೈವಿಗೆ ಹಾಕಿಕೊಡಿ’ ಎನ್ನುತ್ತಾರೆ. ಕೊಡಲೇಬೇಕಾಗುತ್ತದೆ, ಆದರೆ ಏನನ್ನು, ಎಷ್ಟಕ್ಕೆ ಎಂಬುದನ್ನು ಮುಂಗಡ ಪಡೆಯುವಾಗಲೇ ಬರೆದು ಸಹಿ ಹಾಕಿಸಿಕೊಳ್ಳಿ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ಬೇರೆ ಒಪ್ಪಂದ ಇಲ್ಲದಿದ್ದರೆ, ಹಣ ಕೊಟ್ಟು ತೆಗೆಸಿದ ಛಾಯಾಚಿತ್ರದ ಮೊದಲ ಹಕ್ಕುದಾರರು ತೆಗೆಸಿದವರೇ ಆಗಿರುತ್ತಾರೆ.

ಈಗ ಕ್ಯಾಮೆರಾ

ಬಾಡಿ ಎರಡಿರಲಿ, ಎರಡನೆಯದು ಸೆಕೆಂಡ್ ಹ್ಯಾಂಡ್ ಆದರೂ ಸರಿ. ಮುಖ್ಯ ಬಾಡಿಯಲ್ಲಿ ಎರಡು ಕಾರ್ಡಿನ ಜಾಗ ಇರಲಿ ಮತ್ತು ಒಂದೇ ಚಿತ್ರ ಎರಡರಲ್ಲೂ ಬರೆಯುವಂತೆ ಹೊಂದಿಸಿಕೊಳ್ಳಿ. ಸೆನ್ಸರ್ ಫಿಲಂನಂತೆ 24×36 ಮಿಲಿಮೀಟರಿನದ್ದೇ ಆದರೆ ಹಳೆಯ ಲೆನ್ಸುಗಳ ನೋಟ ಬದಲಾಗದು. ಅದಕ್ಕಿಂತ ಸಣ್ಣ ಎಪಿಎಸ್-ಸಿ ಸೆನ್ಸರ್ ಆದರೆ 28ರ ಲೆನ್ಸು ಸುಮಾರು 42ರಂತೆ ಕಾಣಿಸಿ, ಇಕ್ಕಟ್ಟಾದ ದೇವರ ಕೋಣೆಯಲ್ಲಿ ಗೋಡೆಗೆ ಬೆನ್ನು ಹಚ್ಚಿ ನಿಂತರೂ ಎಲ್ಲರನ್ನೂ ಹಿಡಿಸಲಾಗದು. ಮೆಗಾಪಿಕ್ಸೆಲ್‌ಗೆ ದುಡ್ಡು ಸುರಿಯುವ ಅಗತ್ಯವಿಲ್ಲ. 24 ಮೆಗಾಪಿಕ್ಸೆಲ್ಲಿನ 6000×4000 ಬಿಂದುಗಳು, ಇಂಚಿಗೆ 300ರಂತೆ, 20×13 ಇಂಚಿನ ಪ್ರಿಂಟಿಗೆ ಸಾಕು. 12×36ರ ಆಲ್ಬಮ್ ಹಾಳೆಯಲ್ಲಿ ಸಾಮಾನ್ಯವಾಗಿ ನಾಲ್ಕಾರು ಚಿತ್ರಗಳು ಹಂಚಿಕೊಂಡು ಕೂರುತ್ತವೆ.

ಬೆಳಕಿನ ಲೆಕ್ಕ ತಿರುಗುಮುರುಗು

ಫಿಲಂನವರು ಎಡವುವುದು ಇಲ್ಲಿ, ನಾನೂ ಎಡವಿದ್ದು ಇಲ್ಲೇ. ಕಲರ್ ನೆಗೆಟಿವ್ ಉದಾರಿ: ಎರಡು ಸ್ಟಾಪ್ (ಒಂದು ಸ್ಟಾಪ್ ಹೆಚ್ಚೆಂದರೆ ಬೆಳಕು ಇಮ್ಮಡಿ) ಹೆಚ್ಚು ಬೆಳಕು ಕೊಟ್ಟರೂ ಪ್ರಿಂಟಿನಲ್ಲಿ ಸರಿಹೋಗುತ್ತಿತ್ತು, ಕಡಿಮೆ ಕೊಟ್ಟರೆ ಮಾತ್ರ ನೆರಳಿನ ಭಾಗ ಕೆಸರಿನಂತಾಗುತ್ತಿತ್ತು. ಅದಕ್ಕೇ 400 ಎಎಸ್‌ಎ (ಬೆಳಕಿಗೆ ಫಿಲಂನ ಚುರುಕಿನ ಅಳತೆ) ಫಿಲಂ ಹಾಕಿ, ಹೆಚ್ಚು ಬೆಳಕು ಬೀಳಲೆಂದು ಮೀಟರನ್ನು 320ಕ್ಕೋ 200ಕ್ಕೋ ಇಟ್ಟುಕೊಳ್ಳುವ ರೂಢಿ ನಮ್ಮಲ್ಲಿತ್ತು. ಸೆನ್ಸರಿನ ಸ್ವಭಾವ ನೇರ ವಿರುದ್ಧ. ಅದರ ಪ್ರತಿ ಬಿಂದುವೂ ಬೆಳಕು ತುಂಬಿಕೊಳ್ಳುವ ಪುಟ್ಟ ಬಟ್ಟಲಿದ್ದಂತೆ. ತುಂಬಿದ ಮೇಲೆ ಬಿದ್ದದ್ದೆಲ್ಲ ಚೆಲ್ಲಿಹೋಗುತ್ತದೆ, ಅಲ್ಲಿ ಏನಿತ್ತೆಂಬ ಗುರುತೂ ಉಳಿಯುವುದಿಲ್ಲ. ನೆರಳಿನಲ್ಲಿ ಮಾತ್ರ, ಸೆನ್ಸರ್ ಹಿಡಿದದ್ದನ್ನು ತಿದ್ದದೆ ಹಾಗೆಯೇ ಉಳಿಸುವ ರಾ ಫೈಲ್ ಇದ್ದರೆ, ಎಷ್ಟೋ ವಿವರವನ್ನು ಆಮೇಲೆ ಎತ್ತಿಕೊಳ್ಳಬಹುದು. ಹೆಚ್ಚು ಬೆಳಕನ್ನು ಸಹಿಸದ ಸ್ಲೈಡ್ ಫಿಲಂ ಬಳಸಿದವರಿಗೆ ಈ ಶಿಸ್ತು ಹೊಸತಲ್ಲ.

2006ರಲ್ಲಿ ನಾನು ತೆಗೆದ ಮೊದಲ ಡಿಜಿಟಲ್ ಮದುವೆಯಲ್ಲಿ, ಧಾರೆಯ ಹೊತ್ತಿಗೆ, ಹಳೆಯ ರೂಢಿಯಂತೆ ಒಂದು ಸ್ಟಾಪ್ ಹೆಚ್ಚಿಟ್ಟಿದ್ದೆ. ಹುಡುಗಿಯ ತಾಯಿ ತಂಬಿಗೆಯಿಂದ ಹಾಲು ಎರೆದರು. ತೆಂಗಿನಕಾಯಿಯ ಮೇಲಿಂದ ಜಾರಿದ ಹಾಲು ಹುಡುಗನ ಬಿಳಿ ಪಂಚೆಯ ಮುಂದೆ ಸಣ್ಣ ಎಳೆಯಾಗಿ ತಟ್ಟೆಗೆ ಇಳಿಯುತ್ತಿತ್ತು. ಕ್ಯಾಮೆರಾದ ಪುಟ್ಟ ತೆರೆಯಲ್ಲಿ ಎಲ್ಲ ಚೆನ್ನಾಗಿಯೇ ಕಂಡಿತು. ರಾತ್ರಿ ಕಂಪ್ಯೂಟರಿನಲ್ಲಿ ತೆರೆದರೆ ಪಂಚೆ ಒಂದು ಖಾಲಿ ಬಿಳಿ ಹಾಳೆ, ಹಾಲಿನ ಎಳೆ ಅದರಲ್ಲಿ ಮಾಯ. ತಂಬಿಗೆಯಿದೆ, ಕೈಗಳಿವೆ, ಧಾರೆಯೇ ಇಲ್ಲ. ಕ್ಯಾಮೆರಾವೇ ತಿದ್ದಿ ಕುಗ್ಗಿಸಿಕೊಡುವ ಜೆಪೆಗ್‌ನಲ್ಲಿ ಮಾತ್ರ ತೆಗೆದಿದ್ದರಿಂದ ಏನು ಮಾಡಿದರೂ ಅದು ಮರಳಿ ಬರಲಿಲ್ಲ.

ಆದ್ದರಿಂದ ಹಣದ ಕೆಲಸಕ್ಕೆ ಇಳಿಯುವ ಮೊದಲು ಮನೆಯಂಗಳದಲ್ಲಿ ಒಂದು ಅಭ್ಯಾಸ ಮಾಡಿ. ಬಿಸಿಲಿನ ಹಗ್ಗದ ಮೇಲೆ ಒಂದು ಬಿಳಿ ಪಂಚೆ, ಒಂದು ಕಪ್ಪು ಕಂಬಳಿ ಹರಡಿ, ಎರಡೂ ಚೌಕಟ್ಟಿನಲ್ಲಿರುವಂತೆ, ಮೀಟರ್ ಹೇಳಿದ್ದಕ್ಕಿಂತ ಎರಡು ಸ್ಟಾಪ್ ಹೆಚ್ಚಿನಿಂದ ಎರಡು ಸ್ಟಾಪ್ ಕಡಿಮೆಯವರೆಗೆ ಮೂರನೇ ಒಂದು ಸ್ಟಾಪಿನಂತೆ ಇಳಿಯುತ್ತ ರಾ ಮತ್ತು ಜೆಪೆಗ್ ಎರಡರಲ್ಲೂ ತೆಗೆಯಿರಿ. ಕ್ಯಾಮೆರಾದಲ್ಲಿ ಅತಿಬೆಳಕಿನ ಭಾಗ ಮಿನುಗಿ ತೋರಿಸುವ ಎಚ್ಚರಿಕೆಯನ್ನು ಚಾಲೂ ಇಡಿ. ಪಂಚೆಯ ನೇಯ್ಗೆ ಯಾವ ಚಿತ್ರದಿಂದ ಕಾಣತೊಡಗುತ್ತದೆ, ಕಂಬಳಿಯ ಉಣ್ಣೆಯ ಎಳೆ ಯಾವ ಚಿತ್ರದವರೆಗೆ ಉಳಿಯುತ್ತದೆ ಎಂಬುದನ್ನು ಕಂಪ್ಯೂಟರಿನಲ್ಲಿ ನೋಡಿ ಬರೆದಿಟ್ಟುಕೊಂಡರೆ, ನಿಮ್ಮ ಕ್ಯಾಮೆರಾದ ಮಿತಿ ನಿಮಗೇ ತಿಳಿಯುತ್ತದೆ. ಚಿತ್ರ ಚೆನ್ನಾಗಿದೆಯೇ ಎಂದು ತೆರೆಯ ಹೊಳಪನ್ನು ನೋಡಿ ತೀರ್ಮಾನಿಸದೆ ಕತ್ತಲಿನಿಂದ ಬೆಳಕಿನವರೆಗಿನ ಹಂಚಿಕೆಯನ್ನು ಗುಡ್ಡದಂತೆ ತೋರಿಸುವ ನಕ್ಷೆಯ, ಅಂದರೆ ಹಿಸ್ಟೋಗ್ರಾಮಿನ, ಬಲತುದಿಯನ್ನು ನೋಡಿ ತೀರ್ಮಾನಿಸಿ. ಗುಡ್ಡ ಗೋಡೆಗೆ ಒರಗಿದ್ದರೆ ಬೆಳಕು ಇಳಿಸಬೇಕು. ಹಾಗೆಂದು ಪ್ರತಿ ಸಲ ಒತ್ತಿದ ಮೇಲೂ ತೆರೆಯನ್ನೇ ನೋಡುತ್ತ ನಿಂತರೆ ತಾಳಿ ಕಟ್ಟುವ ಗಳಿಗೆ ಕಳೆದಿರುತ್ತದೆ. ಬೆಳಕು ಬದಲಾದಾಗ ಒಮ್ಮೆ ನೋಡಿದರೆ ಸಾಕು.

ಬಣ್ಣದ ವಿಷಯ ಇದಕ್ಕಿಂತ ಸುಲಭ. ಟ್ಯೂಬ್‌ಲೈಟಿನ ಹಸಿರು ಛಾಯೆಯನ್ನು ಮೊದಲು ಲ್ಯಾಬಿನವರು ತೆಗೆಯುತ್ತಿದ್ದರು, ಈಗ ರಾ ಫೈಲಿನಲ್ಲಿ ನಾವೇ ತೆಗೆಯಬೇಕು. ಬೆಳಕಿನ ಬಣ್ಣವನ್ನು ಕ್ಯಾಮೆರಾವೇ ಸರಿಹೊಂದಿಸುವ ಆಟೊ ವೈಟ್ ಬ್ಯಾಲೆನ್ಸ್ ದೀಪದ ಬೆಳಕಿನ ಹೊನ್ನನ್ನೂ ಅರಿಶಿನದ ಹಳದಿಯನ್ನೂ ತೊಳೆದುಹಾಕುವುದುಂಟು. ಆರತಿಯ ಹೊತ್ತಿಗೆ ಹಗಲಿನ ಬೆಳಕಿಗೆ ಸ್ಥಿರಪಡಿಸಿಕೊಂಡರೆ ಫಿಲಂನ ಹಳೆಯ ಬಿಸುಪು ಬಹುಮಟ್ಟಿಗೆ ಮರಳುತ್ತದೆ. ಪ್ರಿಂಟಿಗೆ ಕಳಿಸುವಾಗ, ಲ್ಯಾಬು ಬೇರೆ ಹೇಳದಿದ್ದರೆ, ಎಸ್‌ಆರ್‌ಜಿಬಿ ಎಂಬ ಸಾಮಾನ್ಯ ಬಣ್ಣವ್ಯವಸ್ಥೆಯ ಜೆಪೆಗ್ ಕೊಡಿ.

ಮದುವೆಯ ರಾತ್ರಿ

ಊಟಕ್ಕೂ ಮೊದಲು ಕಾರ್ಡು ಖಾಲಿ ಮಾಡುವ ಅವಸರ ಬೇಡ, ಮಲಗುವ ಮುನ್ನ ಮಾಡದೆ ಇರುವ ಸೋಮಾರಿತನವೂ ಬೇಡ. ಸುಮಾರು 28 ಎಂಬಿಯ 1500 ರಾ ಫೈಲುಗಳೆಂದರೆ 42 ಜಿಬಿ. ಅವನ್ನು ಎರಡು ಬೇರೆ ಹಾರ್ಡ್ ಡಿಸ್ಕುಗಳಿಗೆ ನಕಲು ಮಾಡಿ, ಎರಡರಲ್ಲೂ ಕೆಲವು ಫೈಲು ತೆರೆದು ನೋಡಿ, ಒಂದು ಡಿಸ್ಕನ್ನು ತಮ್ಮನ ಮನೆಯಲ್ಲೋ ಅಕ್ಕನ ಮನೆಯಲ್ಲೋ ಇಡಿ. ಆಲ್ಬಮ್ ಗಿರಾಕಿಯ ಕೈ ಸೇರುವವರೆಗೆ ಕಾರ್ಡನ್ನು ಫಾರ್ಮ್ಯಾಟ್ ಮಾಡಬೇಡಿ. ಮಾಡುವಾಗ ಕ್ಯಾಮೆರಾದಲ್ಲಿಯೇ ಮಾಡಿ. ತೇವ ತಗುಲಿದ ನೆಗೆಟಿವ್ ಮೆಲ್ಲಮೆಲ್ಲನೆ ಕೆಡುತ್ತಿತ್ತು, ಉಳಿದಷ್ಟು ದಕ್ಕುತ್ತಿತ್ತು. ಹಾರ್ಡ್ ಡಿಸ್ಕು ಹೋದರೆ ಒಂದೇ ಏಟಿಗೆ ಹತ್ತು ಮದುವೆ ಹೋಗುತ್ತವೆ.

ಹಳೆಯ ನೆಗೆಟಿವ್‌ಗಳಿಗೆ ಹೊಸ ಕೆಲಸ

ಹೊಸ ಕ್ಯಾಮೆರಾಕ್ಕೆ, ತೀರ ಹತ್ತಿರದಿಂದ ತೆಗೆಯಬಲ್ಲ ಒಂದು ಮ್ಯಾಕ್ರೊ ಲೆನ್ಸು ಸಿಕ್ಕರೆ ಬೀರುವಿನಲ್ಲಿರುವ ಕಟ್ಟುಗಳೂ ದುಡಿಯತೊಡಗುತ್ತವೆ. ಸಮವಾಗಿ ಬೆಳಗುವ ಎಲ್‌ಇಡಿ ಹಲಗೆಯ ಮೇಲೆ ನೆಗೆಟಿವನ್ನು ಚಪ್ಪಟೆಯಾಗಿ ಇರಿಸಿ, ಸುತ್ತಲಿನ ಬೆಳಕನ್ನು ಕಪ್ಪು ರಟ್ಟಿನಿಂದ ಮುಚ್ಚಿ, ಕ್ಯಾಮೆರಾವನ್ನು ನೇರ ಕೆಳಮುಖವಾಗಿ ಕಟ್ಟಿ, ಕೋಣೆಯ ದೀಪ ಆರಿಸಿ ರಾ ರೂಪದಲ್ಲಿ ತೆಗೆಯಬೇಕು. ಕಲರ್ ನೆಗೆಟಿವ್ ಆದರೆ, ಕಂಪ್ಯೂಟರಿನಲ್ಲಿ ಎರಡು ಚಿತ್ರಗಳ ನಡುವಿನ ಕಿತ್ತಳೆ ಪಟ್ಟಿಯನ್ನು ಮುಟ್ಟಿ ವೈಟ್ ಬ್ಯಾಲೆನ್ಸ್ ಹೊಂದಿಸಿ, ಆಮೇಲೆ ಬಣ್ಣಗಳನ್ನು ತಿರುಗಿಸಬೇಕು. ಕಪ್ಪುಬಿಳುಪಿನಲ್ಲಿ ಈ ರಗಳೆಯಿಲ್ಲ. ಉದಕಮಂಡಲದ ಹಿಂದುಸ್ತಾನ್ ಫೋಟೊ ಫಿಲ್ಮ್ಸ್ ಕಾರ್ಖಾನೆಯ ‘ಇಂದು’ ಫಿಲಂನಲ್ಲಿ ತೆಗೆದ ಚಿತ್ರಗಳು ನನ್ನ ಬಳಿ ಒಂದು ಡಬ್ಬಿಯಷ್ಟಿವೆ. ಚಂದ್ರನ ಹೆಸರಿನ ಆ ಫಿಲಂ, ಕನ್ನಡದವರ ಬಾಯಲ್ಲಿ ಈ ದಿನ ಎಂದೂ ಆಗುತ್ತದಲ್ಲ ಎಂದು ಪ್ರತಿ ಸಲ ಅನ್ನಿಸುತ್ತದೆ.

ಡಬ್ಬಿ ತೆರೆದಾಗ ವಿನೆಗರ್ ವಾಸನೆ ಮೂಗಿಗೆ ಹೊಡೆದರೆ, ಫಿಲಂನ ಅಸಿಟೇಟ್ ತಳವೇ ಕೊಳೆಯತೊಡಗಿದೆ ಎಂದು ಅರ್ಥ. ಅಂಥವನ್ನು ಉಳಿದವುಗಳಿಂದ ಬೇರೆ ಇಟ್ಟು, ಅವುಗಳ ನಕಲನ್ನೇ ಮೊದಲು ಮುಗಿಸಿ. ಒಂದಕ್ಕೊಂದು ಅಂಟಿಕೊಂಡಿರುವುದನ್ನು ಎಳೆದು ಬಿಡಿಸಬೇಡಿ. ನಕಲಾದ ನೆಗೆಟಿವನ್ನು ಹೊಸ ಬಟರ್ ಪೇಪರ್ ಕವರಿಗೆ ಹಾಕಿ, ಅದನ್ನು ಒಳಗೆ ಸೇರಿಸುವ ಮೊದಲೇ ಕವರಿನ ಅಂಚಿನಲ್ಲಿ ಪೆನ್ಸಿಲಿನಿಂದ ಫೈಲಿನ ಸಂಖ್ಯೆಯನ್ನೂ ಮನೆತನದ ಹೆಸರನ್ನೂ ಬರೆಯಿರಿ. ಅಜ್ಜಿಯ ಚಿತ್ರ ಕೇಳಿಕೊಂಡು ಮೊಮ್ಮಗಳು ಬಂದಾಗ ಕಂಪ್ಯೂಟರಿನಲ್ಲಿ ಹುಡುಕಲು ಬೇಕಾಗುವುದು ಆ ಎರಡೇ.