226 ಬರೆದವನು, 375 ಬರೆದವಳು

ನಾಲ್ಕನೇ ಕ್ಲಾಸಿಗೆ ಗಣಿತ ತಗೊಳ್ತೀನಿ, 34 ಮಕ್ಕಳು. ಮೊದ್ಲೆಲ್ಲ ಕ್ಲಾಸ್‌ವರ್ಕ್ ನೋಡೋದು ಅಂದ್ರೆ ಕೆಂಪು ಪೆನ್ ಹಿಡ್ಕೊಂಡು ಉತ್ತರ ನೋಡೋದು, ರೈಟೋ ತಪ್ಪೋ ಹಾಕೋದು, ಕೆಳಗೊಂದು ಸಹಿ. ಎಫ್‌ಎ (ವರ್ಷದ ನಡುನಡುವೆ ಮಾಡೋ ಮೌಲ್ಯಮಾಪನ) ಬಂದಾಗ ಅದೇ ರೈಟುಗಳನ್ನ ಎಣಿಸಿ ಅಂಕ ತುಂಬ್ತಿದ್ದೆ, ಸುಳ್ಯಾಕೆ ಹೇಳ್ಲಿ.

ಒಂದಿನ 503ರಲ್ಲಿ 278 ಕಳೀರಿ ಅಂತ ಕೊಟ್ಟಿದ್ದೆ. ಒಬ್ಬ 226 ಬರ್ದಿದ್ದ, ಒಬ್ಳು 375. ಇಬ್ರಿಗೂ ತಪ್ಪು ಹಾಕಿ ಪುಟ ತಿರುಗಿಸಿದ್ಮೇಲೆ ಯಾಕೋ ವಾಪಸ್ ಬಂದು ನೋಡ್ದೆ. ಆ ಹುಡುಗ ಪಕ್ಕದ ಮನೆಯಿಂದ ಸಾಲ ತಂದು 5ನ್ನ 4 ಮಾಡಿ, ಸೊನ್ನೆನ 9 ಮಾಡಿ, 3ನ್ನ 13 ಮಾಡಿ, ಎಲ್ಲಾ ಸರಿ ಮಾಡಿ ಕೊನೆಗೆ 13ರಲ್ಲಿ 8 ಹೋದ್ರೆ 6 ಅಂದ್ಬಿಟ್ಟಿದ್ದಾನೆ. ಹುಡುಗಿ ಸಾಲದ ಗೋಜಿಗೇ ಹೋಗಿಲ್ಲ, ಮೇಲಿರೋದು ಯಾವ್ದು ಕೆಳಗಿರೋದು ಯಾವ್ದು ನೋಡ್ದೆ ಪ್ರತಿ ಮನೇಲೂ ದೊಡ್ಡದ್ರಿಂದ ಚಿಕ್ಕದನ್ನ ಕಳ್ದಿದ್ದಾಳೆ. ಹಿಂದಿನ ಪುಟ ತೆಗೆದ್ರೆ ಅಲ್ಲೂ ಹಾಗೇ, 80ರಲ್ಲಿ 35 ಹೋದ್ರೆ 55. ನಾನು ಅವ್ಳದ್ದು ಅಜಾಗರೂಕತೆ ಅನ್ಕೊಂಡಿದ್ದೆ, ಆದ್ರೆ ಅವ್ಳು ಒಂದು ನಿಯಮನ ತಪ್ಪದೇ ಪಾಲಿಸ್ತಿದ್ಲು! (ಬ್ರೌನ್, ಬರ್ಟನ್ ಅನ್ನೋ ಸಂಶೋಧಕರು 1978ರಲ್ಲೇ ಇಂಥ ತಪ್ಪುಗಳ ಬಗ್ಗೆ ಬರ್ದಿದ್ದಾರೆ ಅಂತ ಆಮೇಲೆ ಗೊತ್ತಾಯ್ತು.) ಕರ್ದು ಕೇಳ್ದೆ, 80 ರೂಪಾಯಿ ಇದೆ, 35 ರೂಪಾಯಿ ಖರ್ಚು ಮಾಡ್ದೆ, ಎಷ್ಟು ಉಳೀತು? ಪಟ್ ಅಂತ 45 ಅಂದ್ಲು. ಮತ್ತೆ ಇಲ್ಲಿ 55 ಅಂತಿದ್ಯಲ್ಲೇ ಅಂದ್ರೆ, "ಅದು ದುಡ್ಡು ಟೀಚರ್, ಇದು ಲೆಕ್ಕ."

ಅವತ್ತಿಂದ 0ದಿಂದ 3ರ ತನಕ ಸ್ಕೋರ್ ಹಾಕೋಕೆ ಶುರು ಮಾಡ್ದೆ. ದಾರಿನೂ ಉತ್ತರನೂ ಸರಿ ಇದ್ರೆ 3, ದಾರಿ ಸರಿ ಕೂಡೋದ್ರಲ್ಲೋ ಕಳೆಯೋದ್ರಲ್ಲೋ ಎಡವಿದ್ರೆ 2, ದಾರಿ ಎಲ್ಲೋ ಒಂದ್ಕಡೆ ಮಾತ್ರ ಹಿಡಿದಿದ್ರೆ 1. ಸೊನ್ನೆ ಖಾಲಿ ಬಿಟ್ಟೋರಿಗೆ. ದಿನಕ್ಕೆ ಏಳೆಂಟು ನೋಟ್‌ಬುಕ್ ಅಷ್ಟೇ, 34ನ್ನೂ ನೋಡ್ತೀನಿ ಅಂತ ಹೊರಟ್ರೆ ಎರಡೇ ದಿನಕ್ಕೆ ಮತ್ತೆ ಬರೀ ರೈಟ್ ಎಳೆಯೋಕೆ ಶುರು ಮಾಡ್ತೀವಿ. ಸ್ಕೋರು ನನ್ನ ಡೈರೀಲಿ, ಮಕ್ಕಳ ಪುಸ್ತಕದಲ್ಲಿ "8ಕ್ಕೆ ಎಷ್ಟು ಸೇರಿಸಿದ್ರೆ 13?" ಅನ್ನೋ ಥರ ಒಂದು ಪ್ರಶ್ನೆ ಮಾತ್ರ. ನಂಬರ್ ಹಾಕಿದ್ರೆ ಪಕ್ಕದವ್ನಿಗೆ ಎಷ್ಟು ಅಂತ ಇಣುಕಿ ನೋಡೋದ್ರಲ್ಲೇ ಪೀರಿಯಡ್ ಮುಗಿಯುತ್ತೆ.

ಇದ್ರಲ್ಲೂ ಮೋಸ ಹೋದೆ. ಇನ್ನೊಬ್ಬ ಹುಡುಗ ಅದೇ 503ರ ಲೆಕ್ಕಕ್ಕೆ ಪುಟದ ಅಂಚಲ್ಲಿ 2, 20, 200, 3 ಅಂತ ಗೀಚಿ ಕೆಳಗೆ 225 ಬರ್ದಿದ್ದ. ಸಾಲ ತಂದ ಗುರುತೇ ಇಲ್ಲ, ಕಾಪಿ ಹೊಡ್ದಿದ್ದಾನೆ ಅಂತ 1 ಹಾಕ್ದೆ. ಮಾರನೇ ದಿನ ಕೇಳಿದ್ರೆ 278ಕ್ಕೆ 2 ಹಾಕಿದ್ರೆ 280, ಇಪ್ಪತ್ತು ಹಾಕಿದ್ರೆ 300, ಇನ್ನೂರು ಹಾಕಿದ್ರೆ 500, ಮೇಲೆ ಮೂರು ಅಂತ ಬೆರಳು ಮಡಚಿ ಹೇಳ್ದ. ಅವ್ರ ಮನೇದು ಅಂಗಡಿ, ಚಿಲ್ಲರೆ ಕೊಡೋದೇ ಹಾಗೆ. ಡೈರೀಲಿ 1 ಹೊಡೆದು 3 ಮಾಡ್ದೆ, ಮುಂದಿನ ಪೀರಿಯಡ್ ಅವನ ಕೈಗೇ ಚಾಕ್‌ಪೀಸ್ ಕೊಟ್ಟೆ.