ಲವ್ ಬರ್ಡ್ಸ್‌ಗೆ ಕಿಟಕಿಯಲ್ಲೇ ಹಸಿರು ಮೇವು

ಬರೀ ನವಣೆ ಹಾಕಿ ಲವ್ ಬರ್ಡ್ಸ್ ಸಾಕುವವರು ನಮ್ಮ ದಾವಣಗೆರೆಯಲ್ಲಿ ಬೇಕಾದಷ್ಟು ಜನ ಇದ್ದಾರೆ. ಹಕ್ಕಿ ಬದುಕುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಒಣ ಕಾಳಿನಲ್ಲಿ ಎ ವಿಟಮಿನ್ ಇದ್ದೂ ಇಲ್ಲದಷ್ಟು. ಸೊಪ್ಪು ಬೇಕೇ ಬೇಕು. ಕೆ.ಆರ್. ಮಾರ್ಕೆಟ್‌ನಿಂದ ತಂದ ಮೆಂತ್ಯ ಸೊಪ್ಪನ್ನು ನಾವು ತೊಳೆದು ಬೇಯಿಸಿ ತಿನ್ನುತ್ತೇವೆ. 30-40 ಗ್ರಾಂ ತೂಗುವ ಹಕ್ಕಿ ಅದನ್ನು ಹಸಿಯಾಗಿ ತಿನ್ನಬೇಕು. ಯಾವ ಔಷಧಿ ಹೊಡೆದಿದ್ದಾರೋ ಯಾರಿಗೆ ಗೊತ್ತು? ಅದಕ್ಕೇ ಅವುಗಳ ಪಾಲನ್ನು ನಾನು ಮನೆಯೊಳಗೇ ಬೆಳೆಯುತ್ತೇನೆ. ವಿನೋಬನಗರದಲ್ಲಿ ಮಹಡಿ ಮೇಲಿನ ಬಾಡಿಗೆ ಮನೆ, ಅಂಗಳ ಇಲ್ಲ. ಇರುವುದು ಪೂರ್ವಕ್ಕೊಂದು ಕಿಟಕಿ. ಅಷ್ಟು ಸಾಕು.

(ಇದು ನಾವು ಲವ್ ಬರ್ಡ್ಸ್ ಎಂದು ಕರೆಯುವ ಬಜೆರಿಗರ್, ಕಾಕಟೀಲ್‌ನಂಥ ವಿದೇಶಿ ಹಕ್ಕಿ ಸಾಕುವವರಿಗೆ. ನಮ್ಮ ಹಸಿರು ಗಿಳಿಯನ್ನು ಪಂಜರದಲ್ಲಿಡುವುದು 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ. ಸುಮ್ನೆ ತೊಂದರೆ ತಂದುಕೊಳ್ಳಬೇಡಿ.)

ಬೀಜದ ವಿಷಯದಲ್ಲಿ ಸ್ವಲ್ಪ ಹುಷಾರಾಗಿರಿ. ಬೀಜ-ಗೊಬ್ಬರದ ಅಂಗಡಿಗೆ ಹೋಗಲೇಬೇಡಿ. ಮೆಕ್ಕೆಜೋಳದ ಊರಲ್ಲಿ ಇರುವ ನಮಗೆ ಆ ಗುಲಾಬಿ ಬಣ್ಣದ ಬಿತ್ತನೆ ಬೀಜ ಹೊಸದಲ್ಲ, ಅಲ್ವಾ? ಆ ಬಣ್ಣದ ಜೊತೆ ಥೈರಾಮ್‌ನಂಥ ಶಿಲೀಂಧ್ರನಾಶಕ ಬಳಿದಿರುತ್ತಾರೆ. ಅಡುಗೆಗೆ ಮಾರುವ ಕಾಳೇ ಸರಿ. ಮಂಡಿಪೇಟೆಯ ದಿನಸಿ ಅಂಗಡಿಯಲ್ಲಿ ಮೆಂತ್ಯ, ಇಡೀ ಗೋಧಿ, ರಾಗಿ ಎಲ್ಲ ಸಿಗುತ್ತವೆ. ನವಣೆ ಮಾತ್ರ ಸಿಪ್ಪೆ ಇರುವುದನ್ನೇ ಕೇಳಿ. ಅನ್ನ ಮಾಡುವ ನವಣೆ ಅಕ್ಕಿಯನ್ನು ಬಿತ್ತಿದರೆ ಕೊಳೆಯುತ್ತದೆ, ಮೊಳೆಯುವುದಿಲ್ಲ. ಹೊಸದುರ್ಗದ ಕಡೆ ನೆಂಟರಿದ್ದರೆ ಹೊಲದ ನವಣೆಯನ್ನೇ ತರಿಸಿಕೊಳ್ಳಿ.

ಒಂದು ಕಾಳನ್ನು ಮಾತ್ರ ಯಾವ ಕಾರಣಕ್ಕೂ ಬೆಳೆಸಬೇಡಿ. ಅದು ಜೋಳ. ಎಳೆ ಜೋಳದ ಪೈರಿಗೆ ದನ ನುಗ್ಗಿದರೆ ಹೊಟ್ಟೆಯುಬ್ಬಿ ಸಾಯುತ್ತದೆ ಎಂದು ರೈತರು ಓಡಿಸುವುದನ್ನು ನೋಡಿರುತ್ತೀರಿ. ಆ ಎಳೆ ಚಿಗುರಿನಲ್ಲಿ ಸೈನೈಡ್ ಬಿಡುವ ಅಂಶ ಇರುತ್ತದೆ. ಒಣ ಜೋಳದ ಕಾಳು ಹಕ್ಕಿಗೆ ಹಾಕಬಹುದು, ಅದರ ಹಸಿರು ಬೇಡ.

ಇನ್ನು ಬಿತ್ತನೆ. ಸ್ವೀಟ್ ಅಂಗಡಿಯ ಪ್ಲಾಸ್ಟಿಕ್ ಡಬ್ಬಿ ತೆಗೆದುಕೊಂಡು, ತಳಕ್ಕೆ ಕಾಯಿಸಿದ ಸೂಜಿಯಿಂದ ತೂತು ಮಾಡಿ. ಒಂದೂವರೆ ಇಂಚು ತೆಂಗಿನ ನಾರಿನ ಪುಡಿ ತುಂಬಿ. ಆ ಪುಡಿಯಲ್ಲಿ ಉಪ್ಪಿರುತ್ತದೆ, ಮೊದಲು ಎರಡು ಮೂರು ನೀರಿನಲ್ಲಿ ತೊಳೆದು ಹಿಂಡಿ. ಗೊಬ್ಬರ ಬೇಡ. ಇಷ್ಟು ಎಳೆಯ ಪೈರಿಗೆ ಕಾಳಿನೊಳಗಿನ ಸತ್ವವೇ ಸಾಕು. ಕಾಳನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ಒಂದೇ ಪದರ ಹರಡಿ, ಒದ್ದೆ ಬಟ್ಟೆ ಮುಚ್ಚಿ. ಮೊಳಕೆ ಕಂಡ ಕೂಡಲೇ ಬಟ್ಟೆ ತೆಗೆದು ಕಿಟಕಿಗೆ ಇಡಿ. ಗೋಧಿ ಎಂಟು-ಹತ್ತು ದಿನದಲ್ಲಿ ನಾಲ್ಕೈದು ಇಂಚು ಬೆಳೆಯುತ್ತದೆ. ಮೆಂತ್ಯಕ್ಕೆ ಇನ್ನೊಂದೆರಡು ದಿನ ಜಾಸ್ತಿ. ಕೊತ್ತಂಬರಿ ಏಪ್ರಿಲ್ ಬಿಸಿಲಿಗೆ ಸರಿಯಾಗಿ ಏಳುವುದಿಲ್ಲ, ಅದನ್ನು ಚಳಿಗಾಲಕ್ಕೆ ಬಿಡಿ.

ವಾರಕ್ಕೆ ಎರಡು ಸಲ ಒಂದೊಂದು ಸಣ್ಣ ಡಬ್ಬಿ ಬಿತ್ತಿದರೆ ಹಸಿರು ತಪ್ಪುವುದಿಲ್ಲ. ದೊಡ್ಡ ಟ್ರೇ ತುಂಬ ಬೆಳೆದರೆ ಅರ್ಧ ಹಳದಿಯಾಗಿ ಹಾಳಾಗುತ್ತದೆ.

ನಿಜವಾದ ಶತ್ರು ಬೂಷ್ಟು. ಮಳೆಗಾಲದಲ್ಲಿ ಇದರ ಕಾಟ ವಿಪರೀತ. ಬೂಷ್ಟು ಹಿಡಿದ ಮೇವಿನಿಂದ ಹಕ್ಕಿಗೆ ಶ್ವಾಸಕೋಶದ ರೋಗ ಬರಬಹುದು. ಆದರೆ ಬಿಳಿ ಕಂಡ ತಕ್ಷಣ ಎಸೆಯಬೇಡಿ. ಮೊಳಕೆಯ ಬೇರಿಗೂ ಸಣ್ಣ ಬಿಳಿ ಕೂದಲು ಇರುತ್ತದೆ. ನೀರು ಚಿಮುಕಿಸಿ ನೋಡಿ. ಬೇರಿನ ಕೂದಲು ಬೇರಿಗೆ ಅಂಟಿಕೊಂಡು ಕಾಣದಂತಾಗುತ್ತದೆ. ಬೂಷ್ಟು ಜೇಡರ ಬಲೆಯ ಹಾಗೆ ಕಾಳಿಂದ ಕಾಳಿಗೆ ಹಬ್ಬಿರುತ್ತದೆ, ಮುಗ್ಗಲು ವಾಸನೆ ಬರುತ್ತದೆ. ಅದಾದರೆ ಡಬ್ಬಿ ಸಮೇತ ಆಚೆ. ಮೇಲಿನ ಹಸಿರಾದರೂ ಕತ್ತರಿಸಿಕೊಳ್ಳೋಣ ಎಂಬ ಜಿಪುಣತನ ಬೇಡ. ಮಳೆಗಾಲದಲ್ಲಿ ಕಾಳನ್ನು ವಿರಳವಾಗಿ ಹರಡಿ, ಫ್ಯಾನ್ ಗಾಳಿ ತಾಗುವ ಕಡೆ ಇಡಿ. ನೀರನ್ನು ಮೇಲಿನಿಂದ ಹಾಕದೆ ಡಬ್ಬಿಯನ್ನು ತಟ್ಟೆಯ ನೀರಿನಲ್ಲಿ ಹತ್ತು ನಿಮಿಷ ಕೂರಿಸಿ ತೆಗೆಯಿರಿ.

ತಿನ್ನಿಸುವುದಕ್ಕೆ ತಾಳ್ಮೆ ಬೇಕು. ಹೊಸ ವಸ್ತು ಕಂಡರೆ ಇವು ಮೂಲೆ ಸೇರುತ್ತವೆ. ಇವುಗಳ ಮೂಲ ಆಸ್ಟ್ರೇಲಿಯಾದ ಹುಲ್ಲುಗಾವಲು, ಹುಲ್ಲು ಪರಿಚಯವಾದರೆ ಬಿಡುವುದಿಲ್ಲ. ಮೆಂತ್ಯವನ್ನು ಕತ್ತರಿಸಿ, ಒದ್ದೆ ಮಾಡಿ, ಕಟ್ಟಾಗಿ ಕೋಲಿನ ಹತ್ತಿರ ನೇತುಹಾಕಿ. ಮೊದಲು ಅದಕ್ಕೆ ಮೈಯುಜ್ಜಿ ಸ್ನಾನ ಮಾಡುತ್ತವೆ, ಆಮೇಲೆ ರುಚಿ ನೋಡುತ್ತವೆ. ಬೇಸಿಗೆಯಲ್ಲಿ ಎರಡು ಮೂರು ಗಂಟೆಯಲ್ಲಿ ಉಳಿದದ್ದನ್ನು ತೆಗೆದುಬಿಡಿ. ಸೊಪ್ಪು ತಿಂದ ದಿನ ಹಿಕ್ಕೆ ಸ್ವಲ್ಪ ನೀರಾಗಿದ್ದರೆ ಗಾಬರಿ ಬೇಡ. ಮರುದಿನವೂ ಹಾಗೇ ಇದ್ದು, ಹಕ್ಕಿ ಪುಕ್ಕ ಉಬ್ಬಿಸಿಕೊಂಡು ಕೂತರೆ ಪಶುವೈದ್ಯರ ಬಳಿ ಹೋಗಿ.

ಗೋಧಿ ಹುಲ್ಲು ಕತ್ತರಿಸಿದ ಮೇಲೆ ಇನ್ನೊಮ್ಮೆ ಚಿಗುರುತ್ತದೆ. ಆದರೆ ಅಷ್ಟರಲ್ಲಿ ಕಾಳು ಕೊಳೆಯಲು ಶುರುವಾಗಿರುತ್ತದೆ. ಆ ಎರಡನೇ ಬೆಳೆಯನ್ನು ನಾನು ಹಕ್ಕಿಗೆ ಕೊಡುವುದಿಲ್ಲ, ಬೇರು ಸಮೇತ ಪುಡಿ ಮಾಡಿ ಕರಿಬೇವಿನ ಕುಂಡಕ್ಕೆ ಹಾಕುತ್ತೇನೆ.